ತೇಪೆ ಎಲ್ಲಿ ಹೆಸರು ಬರೆದ?

ಆಟಗಾರ ಯಾವ ಜಾಗದವನೆಂದು ತಿಳಿಯಲು ನಾನು ಆಟ ನೋಡಬೇಕಾಗಿಲ್ಲ. ಅವನ ಕೊಳೆ ಬಟ್ಟೆ ಕೊಟ್ಟರೆ ಸಾಕು. ಒಂದು ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ಕೋಣೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಒಗೆಯುವುದು, ಇಸ್ತ್ರಿ ಹಾಕುವುದು, ಹರಿದದ್ದನ್ನು ಹೊಲಿಯುವುದು ನನ್ನ ಕೆಲಸ. ಬ್ಯಾಕ್ ಆಡುವವರ ಚಡ್ಡಿಯ ಒಂದು ಪಕ್ಕ ಮಾತ್ರ ಹಸಿರಾಗಿರುತ್ತದೆ. ಜಾರಿ ಬಿದ್ದು ಚೆಂಡು ಕಸಿಯುವುದು ಅವರ ಪಾಡು. ಮುಂದೆ ನಿಂತು ಗೋಲು ಹೊಡೆಯುವವರ ಅಂಗಿ ಬೆನ್ನಲ್ಲಿ ಜೋತು ಬಿದ್ದಿರುತ್ತದೆ. ಹಿಂದಿನಿಂದ ಎಳೆದವನ ಬೆರಳಿನ ಗುರುತು ಹಾಗೇ ಇರುತ್ತದೆ. ಮಧ್ಯದಲ್ಲಿ ಆಡುವವರದ್ದು ಬರೀ ಬೆವರು, ಎರಡು ಸಲ ನೆನೆಹಾಕಬೇಕು.

ಈ ಲೆಕ್ಕಕ್ಕೆ ಸಿಗದವನು ಒಬ್ಬನೇ. ಹದಿನಾಲ್ಕು ವರ್ಷ ಅವನ ಬಟ್ಟೆ ಒಗೆದಿದ್ದೇನೆ. ಒಂದು ವಾರ ಎಡಗಡೆ ಹುಲ್ಲಿನ ಕಲೆ, ಮುಂದಿನ ವಾರ ಬಲಗಡೆ, ಆಮೇಲೆ ಎರಡು ತಿಂಗಳು ಬರೀ ಬೆವರು, ಇದ್ದಕ್ಕಿದ್ದಂತೆ ಒಂದು ದಿನ ಬೆನ್ನು ಹರಿದ ಅಂಗಿ. ಅವನಿಗೆ ತೇಪೆ ಎಂದು ಹೆಸರಿಟ್ಟವಳು ನಾನೇ. ತಂಡ ಎಲ್ಲಿ ಹರಿದಿದೆಯೋ ಅಲ್ಲಿಗೆ ಅವನನ್ನು ಹಚ್ಚುತ್ತಿದ್ದರಲ್ಲ, ಅದಕ್ಕೆ. ಆ ಹೆಸರು ನನ್ನ ಕೋಣೆಯಿಂದ ಡ್ರೆಸಿಂಗ್ ರೂಮಿಗೆ ಹೋಯಿತು, ಅಲ್ಲಿಂದ ಗ್ಯಾಲರಿಗೆ ಹೋಯಿತು. ಕೊನೆಗೆ ಅವನು ಚೆಂಡು ಮುಟ್ಟಿದಾಗೆಲ್ಲ ಸಾವಿರ ಜನ ಹಾಗೇ ಕೂಗತೊಡಗಿದರು. ನನಗೆ ಮುಜುಗರವಾಯಿತು, ಅವನಿಗೆ ಏನೂ ಅನ್ನಿಸಲಿಲ್ಲ.

ಅವನ ಕಥೆಯನ್ನು ಚುಟುಕಾಗಿ ಹೇಳಬಹುದು: ಯಾರಿಗೋ ಏನೋ ಆಯಿತು, ತೇಪೆ ಹೋದ. ಮೊದಲ ವರ್ಷ ಲೆಫ್ಟ್ ಬ್ಯಾಕ್ ಆಡುತ್ತಿದ್ದವನು ಮದುವೆಯ ರಜೆ ಮುಗಿಸಿ ಹತ್ತು ಕಿಲೋ ಹೆಚ್ಚಿಸಿಕೊಂಡು ಬಂದ. ತೇಪೆ ಆ ಜಾಗದಲ್ಲಿ ನಲವತ್ತು ಪಂದ್ಯ ಆಡಿದ. ಮೂರನೆಯ ವರ್ಷ ಮಧ್ಯದ ಆಟಗಾರ ದೊಡ್ಡ ಕ್ಲಬ್ಬಿಗೆ ಹಾರಿದ. ತೇಪೆ ಮಧ್ಯಕ್ಕೆ ಬಂದ. ಆರನೆಯ ವರ್ಷ ಸ್ಟ್ರೈಕರ್ ಮಂಡಿ ಕೆಡಿಸಿಕೊಂಡಾಗ ಮುಂದೆ ಹೋಗಿ ಒಂಬತ್ತು ಗೋಲು ಹೊಡೆದ. ಸ್ಟ್ರೈಕರ್ ವಾಪಸ್ ಬಂದ ದಿನ ಯಾರೂ ಹೇಳುವ ಮೊದಲೇ ಹಿಂದಕ್ಕೆ ಸರಿದ. ಒಮ್ಮೆ ಗೋಲ್‌ಕೀಪರನನ್ನು ರೆಫರಿ ಹೊರಗೆ ಕಳಿಸಿದರು, ಬದಲಿಯವರೆಲ್ಲ ಇಳಿದಾಗಿತ್ತು. ಕೊನೆಯ ಇಪ್ಪತ್ತೇಳು ನಿಮಿಷ ತೇಪೆಯೇ ಗ್ಲೌಸ್ ಹಾಕಿಕೊಂಡು ನಿಂತ. ದೇಶದ ತಂಡಕ್ಕೂ ಒಂದು ಸಲ ಕರೆ ಬಂತು. ಒಬ್ಬನನ್ನು ಕರೆದೊಯ್ದರೆ ನಾಲ್ಕು ಜಾಗಕ್ಕೆ ಬದಲಿ ಸಿಕ್ಕಿದಂತೆ ಎಂಬುದು ಅವರ ಜಾಣತನ. ನಾಲ್ಕು ಪಂದ್ಯ ಬೆಂಚಿನ ಮೇಲೆ ಕೂತು ಬಂದ. ನಾಲ್ಕರಲ್ಲೂ ಯಾರಿಗೂ ಏನೂ ಆಗಲಿಲ್ಲ.

“ಬೇಜಾರಾಯ್ತೇನೋ?” ಎಂದು ಆಗ ಕೇಳಿದ್ದೆ.

“ಒಳ್ಳೇ ಸೀಟು ಅಕ್ಕ. ಅಷ್ಟು ಹತ್ತಿರದಿಂದ ಯಾರಿಗೆ ನೋಡೋಕೆ ಸಿಗುತ್ತೆ,” ಎಂದ.

ಹೋದ ವರ್ಷ ಅವನ ಪಾದದ ಮೂಳೆ ಮುರಿಯಿತು. ಐದು ತಿಂಗಳು ಮನೆಯಲ್ಲಿದ್ದು, ಕೊನೆಯ ಮೂರು ಪಂದ್ಯಕ್ಕೆ ಬಂದ, ಅಷ್ಟರಲ್ಲಿ ಸೀಸನ್ನೇ ಮುಗಿದು ಹೋಯಿತು. ವಯಸ್ಸು ಮೂವತ್ತನಾಲ್ಕು. ಅವನಿಗೆ ಬೇಕಾಗಿದ್ದು ಇನ್ನೊಂದೇ ವರ್ಷ. ಬಿಡುವುದಾದರೆ ಮೈದಾನದಿಂದ ಬಿಡಬೇಕು, ಹಾಸಿಗೆಯಿಂದ ಬಿಡಬಾರದು ಎನ್ನುತ್ತಿದ್ದ.

ಅಂಥ ಹೊತ್ತಿನಲ್ಲಿ ಹೊಸ ಕೋಚ್ ಬಂದರು.

ಅವರು ಕಡಿಮೆ ಮಾತಿನ ಮನುಷ್ಯ. ಬಂದ ಮೊದಲ ಸೋಮವಾರ ನನ್ನ ಕೋಣೆಯ ಎದುರಿನ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದರು. ಹನ್ನೊಂದು ಮನೆ, ಒಂದೊಂದು ಮನೆಯಲ್ಲಿ ಎರಡೆರಡು ಗೆರೆ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್.

“ನನಗೆ ಇಪ್ಪತ್ತೆರಡು ಜನ ಸಾಕು,” ಎಂದು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು. “ಹನ್ನೊಂದು ಜಾಗ, ಒಂದೊಂದಕ್ಕೆ ಇಬ್ಬರು. ನಿಮ್ಮ ಜಾಗ ಯಾವುದು ಅಂತ ನಾನು ಹೇಳಲ್ಲ, ನೀವೇ ಬರೀರಿ. ಒಂದೇ ಜಾಗ. ಶುಕ್ರವಾರ ಸಾಯಂಕಾಲದವರೆಗೆ ಟೈಮ್. ಒಂದು ಮನೇಲಿ ಎರಡಕ್ಕಿಂತ ಜಾಸ್ತಿ ಹೆಸರು ಬಂದ್ರೆ ಆಡಿ ಗೆಲ್ಲಬೇಕು. ಎಲ್ಲೂ ಬರೀದವರು ಮುಂದಿನ ವಾರ ಬರೋದು ಬೇಡ.”

ತಂಡದಲ್ಲಿ ಆಗ ಇಪ್ಪತ್ತಾರು ಜನ. ನಾಲ್ವರು ಹೊರಗೆ ಎಂಬುದನ್ನು ಲೆಕ್ಕ ಹಾಕಲು ಯಾರಿಗೂ ಬೆರಳು ಬೇಕಾಗಲಿಲ್ಲ. ಮಧ್ಯಾಹ್ನದೊಳಗೆ ಹಾಳೆ ತುಂಬತೊಡಗಿತು. ಒಬ್ಬೊಬ್ಬರೂ ಬರುವುದು, ಆಚೀಚೆ ನೋಡುವುದು, ತಮ್ಮ ಮನೆಯಲ್ಲಿ ಹೆಸರು ಗೀಚುವುದು, ಆಮೇಲೆ ತಿರುಗಿ ಬಂದು ಅಲ್ಲಿ ಮತ್ತ್ಯಾರು ಬರೆದರೆಂದು ಇಣುಕುವುದು. ಎಲ್ಲರಿಗೂ ಒಂದೇ ಕುತೂಹಲ: ತೇಪೆ ಎಲ್ಲಿ ಬರೆಯುತ್ತಾನೆ?

ಸುಳ್ಳೇಕೆ, ನನಗೂ ಅದೇ. ಕ್ಯಾಂಟೀನಿನವನು ಮಧ್ಯದ ಜಾಗ ಎಂದ. ಹುಲ್ಲು ಕತ್ತರಿಸುವವನು ರೈಟ್ ಬ್ಯಾಕ್ ಎಂದ. ಮೂಳೆ ನೋಡುವ ಡಾಕ್ಟರು, ಅವನ ಕಾಲಿಗೆ ಕುರ್ಚಿಯೇ ಒಳ್ಳೆಯ ಜಾಗ ಎಂದರು. ನಾನು ಹಳೆಯ ಅಂಗಿಗಳ ರಾಶಿ ತೆಗೆದು ನೋಡಿದೆ. ಎರಡರಿಂದ ಹನ್ನೊಂದರವರೆಗೆ ಎಲ್ಲ ನಂಬರಿನಲ್ಲೂ ಅವನ ಬೆವರಿನ ಉಪ್ಪು ಕೂತಿತ್ತು. ಅದರಿಂದ ಏನೂ ಗೊತ್ತಾಗಲಿಲ್ಲ.

ಬುಧವಾರ ಅವನ ಹೆಂಡತಿ ಬಂದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಕಣ್ಣು ಚುರುಕು. ಅವನು ಮರೆತು ಬಂದಿದ್ದ ಕಾಲಿನ ಪಟ್ಟಿ ಕೊಡಲು ಬಂದವಳು ಹಾಳೆಯ ಮುಂದೆ ನಿಂತಳು.

“ಇದೇನಾ ಅಕ್ಕ? ಮೂರು ದಿನದಿಂದ ಮನೇಲಿ ಇದರದ್ದೇ ಜಪ.”

“ಏನಂತಾನೆ?”

“ಅವರೇನಂತಾರೆ. ನಾನೇ ಹೇಳ್ದೆ, ನಿಮಗಿಷ್ಟ ಇರೋದು ಬರೀರಿ ಅಂತ. ಇಷ್ಟ ಯಾವುದು ಅಂತ ನನ್ನೇ ಕೇಳ್ತಾರೆ.” ಪಟ್ಟಿಯನ್ನು ಮಡಚಿ ನನ್ನ ಮೇಜಿನ ಮೇಲಿಟ್ಟಳು. “ನಮ್ಮನೇಲಿ ಊಟದ ಮೇಜಿಗೆ ನಾಲ್ಕು ಕುರ್ಚಿ. ಮಗಳದ್ದು ಒಂದು, ನಂದೊಂದು, ಅತ್ತೆದೊಂದು. ನಾಲ್ಕನೇದು ಅವರದ್ದು ಅಂದ್ಕೋಬೇಕು ತಾನೇ? ಅದರ ಮೇಲೆ ಇಸ್ತ್ರಿ ಬಟ್ಟೆ ಇಟ್ಟಿರ್ತೀವಿ. ಯಾರು ಎದ್ರೋ ಅವರ ಕುರ್ಚೀಲಿ ಕೂತು ಉಣ್ತಾರೆ.”

“ಬಟ್ಟೆ ಎತ್ತಿಡಿ ಅನ್ನಲ್ವಾ?”

“ಒಂದಿನಾನೂ ಅಂದಿಲ್ಲ,” ಎಂದಳು. ನಕ್ಕಳಾದರೂ ಆ ನಗು ಪೂರ್ತಿಯಾಗಿರಲಿಲ್ಲ. “ಈ ಸಲ ಇವರಿಗೆ ಸಿಗದಿದ್ರೆ ಬಹಳ ನೊಂದ್ಕೋತಾರೆ ಅಕ್ಕ. ಬಾಯಿಬಿಟ್ಟು ಹೇಳಲ್ಲ ಅಷ್ಟೇ.”

ನನ್ನ ಕೋಣೆಯಲ್ಲಿ ಗೋಡೆಯ ಪಕ್ಕ ಒಂದು ಹಳೆ ಬೆಂಚು ಇದೆ. ಯೋಚನೆ ಮಾಡಬೇಕಾದವರು ಅಲ್ಲಿ ಬಂದು ಕೂರುತ್ತಾರೆ, ವಾಷಿಂಗ್ ಮೆಷಿನ್ನಿನ ಸದ್ದಿನಲ್ಲಿ ಯಾರೂ ಮಾತಾಡಿಸುವುದಿಲ್ಲವೆಂದು. ಆ ವಾರವೆಲ್ಲ ತೇಪೆ ಅಲ್ಲೇ ಇದ್ದ. ಅವನನ್ನು ಹುಡುಕಿಕೊಂಡು ಉಳಿದವರು ಬರತೊಡಗಿದರು. ನಾನಿದ್ದೇನೆಂದು ಯಾರಿಗೂ ಸಂಕೋಚವಿರಲಿಲ್ಲ. ಇಸ್ತ್ರಿ ಮಾಡುವವಳಿಗೆ ಕಿವಿ ಇರುತ್ತದೆಂದು ಜನ ಬೇಗ ಮರೆಯುತ್ತಾರೆ.

ಮೊದಲು ಬಂದವನು ಮೇಷ್ಟ್ರು. ಅವನು ಪಾಠ ಹೇಳುವವನಲ್ಲ, ಈಗಿನ ಲೆಫ್ಟ್ ಬ್ಯಾಕ್. ಆಟದ ನಡುವೆಯೂ ಎದುರಾಳಿಯ ತಪ್ಪು ತಿದ್ದುವ ಅಭ್ಯಾಸವಿದ್ದದ್ದರಿಂದ ಆ ಹೆಸರು. ತೇಪೆಗೆ ಒಂಬತ್ತು ವರ್ಷದ ಗೆಳೆಯ. ಹೊರ ಊರಿಗೆ ಹೋದಾಗಲೆಲ್ಲ ಇಬ್ಬರದ್ದೂ ಒಂದೇ ರೂಮು.

“ನೋಡು, ಕೇಳೋಕೆ ನಾಚಿಕೆ ಆಗುತ್ತೆ,” ಎಂದು ಬೆಂಚಿನ ತುದಿಯಲ್ಲಿ ಕೂತ. “ನಮ್ಮ ಮನೇಲಿ ಈಗ ಇಬ್ಬರೇ ಇದ್ದೀವಿ. ನಾನು ಮತ್ತೆ ಆ ಹೊಸಬ. ಇಬ್ಬರಿಗೆ ಎರಡು ಗೆರೆ.”

“ಗೊತ್ತು.”

“ಮಗಳನ್ನ ಈಗಷ್ಟೇ ಸ್ಕೂಲಿಗೆ ಹಾಕಿದ್ದೀನಿ. ಅವಳಿಗೆ ಮಾತು ತಡ ಅಂತ ನಿನಗೆ ಗೊತ್ತಲ್ಲ, ಈ ಟೀಚರ್ ಸಿಕ್ಕಿದ ಮೇಲೇ ನಾಲ್ಕು ಮಾತು ಆಡ್ತಿದ್ದಾಳೆ. ಈಗ ಬೇರೆ ಊರು ಅಂದ್ರೆ ಕಷ್ಟ. ನೀನಾದ್ರೆ ಎಲ್ಲಿ ಬರೆದ್ರೂ ನಡೆಯುತ್ತೆ.”

“ಆಯ್ತು, ಅಲ್ಲಿ ಬರೆಯಲ್ಲ,” ಎಂದ ತೇಪೆ. ಉಸಿರೆಳೆಯುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ.

ಆಮೇಲೆ ಕೊಕ್ಕರೆ ಬಂದ. ಉದ್ದ ಕಾಲಿನ ಸ್ಟ್ರೈಕರ್, ಬಾಯಿ ಕಾಲಿಗಿಂತ ಉದ್ದ.

“ಏನಜ್ಜ, ಮುಂದೆ ಬಂದು ಓಡ್ತೀಯಾ? ನಿನ್ನ ಮೂಳೆ ಜೋಡಿಸೋಕೆ ನನ್ನ ಹತ್ರ ಫೆವಿಕಾಲ್ ಇಲ್ಲ.”

“ಓಡಬಲ್ಲೆ ಅನ್ಸುತ್ತೆ.”

ಕೊಕ್ಕರೆಯ ಮುಖ ಸ್ವಲ್ಪ ಇಳಿಯಿತು. ಬಾಗಿಲು ಮುಂದೆ ಮಾಡಿ, “ತಮಾಷೆ ಮಾಡಿದೆ ಅಣ್ಣ. ಒಂಬತ್ತು ಗೋಲು ಹೊಡೆದವನು ನೀನು. ನನ್ನ ಮನೆಗೆ ಬರಬೇಡ, ಆಯ್ತಾ? ಒಂದೇ ವರ್ಷ, ನಾನು ಸ್ವಲ್ಪ ನೆಲೆ ನಿಲ್ಲೋವರೆಗೆ,” ಎಂದ.

“ಆಯ್ತು.”

ರೈಟ್ ಬ್ಯಾಕ್ ತಾಯಿಯ ಆಪರೇಷನ್ ಎಂದ. ಮೈದಾನದ ಅಂಚಿನಲ್ಲಿ ಓಡುವ ಇಬ್ಬರು ವಿಂಗರ್‌ಗಳು ಜೊತೆಯಾಗಿಯೇ ಬಂದು, ಒಬ್ಬರು ಮಾತಾಡಲು ಇನ್ನೊಬ್ಬರು ತಲೆಯಾಡಿಸಿದರು. ಕ್ಯಾಪ್ಟನ್ ತಂಡದ ಹಿತದ ಬಗ್ಗೆ ಹತ್ತು ನಿಮಿಷ ಹೇಳಿ, ಕೊನೆಗೆ ಆ ಹಿತವೆಂದರೆ ತನ್ನ ಜಾಗವೇ ಎಂಬಲ್ಲಿಗೆ ಬಂದ. ಗುರುವಾರದ ಹೊತ್ತಿಗೆ ಎಂಟು ಜನ ಬಂದು ಹೋಗಿದ್ದರು. ಎಂಟಕ್ಕೂ ಅವನದ್ದು “ಆಯ್ತು.”

ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಅವನ ಮುಂದೆ ನಿಂತೆ.

“ಲೋ, ನಿನಗೆ ಬುದ್ಧಿ ಇದೆಯಾ? ಗೋಲಿನದ್ದು ಬಿಟ್ರೆ ಉಳಿದದ್ದು ಹಿಂದೆ ಮಧ್ಯದ ಎರಡೇ ಮನೆ.”

“ಅಲ್ಲಿ ಆಗಲೇ ಮೂರು ಮೂರು ಹೆಸರಿದೆ ಅಕ್ಕ, ಎಲ್ಲಾ ನನಗಿಂತ ಒಂದು ಗೇಣು ಎತ್ತರ. ಕಾಲು ಮುರಿದ ಮೇಲೆ ಎಗರಿ ಹೆಡ್ ಮಾಡೋಕೆ ಆಗ್ತಿಲ್ಲ.”

“ಮತ್ತೆ?”

ಅವನು ಕಾಲಿನ ಪಟ್ಟಿ ಬಿಚ್ಚಿ ಮತ್ತೆ ಸುತ್ತಿಕೊಂಡ. ಇಷ್ಟು ವರ್ಷದಿಂದ ನನ್ನೊಳಗೇ ಇದ್ದ ಪ್ರಶ್ನೆಯನ್ನು ಆಗ ಕೇಳಿದೆ. “ಮೊದಲ ದಿನ ಈ ಕ್ಲಬ್ಬಿಗೆ ಆಯ್ಕೆಗೆ ಬಂದಾಗ ಯಾವ ಜಾಗಕ್ಕೆ ಬಂದಿದ್ದೆ? ಅದನ್ನೇ ಬರಿ. ಅದು ನಿನ್ನದು.”

ತೇಪೆ ನಗುತ್ತಾ ತಲೆ ಕೆರೆದುಕೊಂಡ.

“ನಾನು ಆಯ್ಕೆಗೆ ಬಂದೇ ಇರಲಿಲ್ಲ ಅಕ್ಕ. ಪಕ್ಕದ ಮನೆ ಹುಡುಗ ಬಂದಿದ್ದ, ಒಬ್ಬನೇ ಹೋಗೋಕೆ ಹೆದರಿಕೆ ಅಂತ ನನ್ನನ್ನ ಕರ್ಕೊಂಡು ಬಂದಿದ್ದ. ಅವನ ಬ್ಯಾಗ್ ಹಿಡ್ಕೊಂಡು ಗೆರೆ ಆಚೆ ಕೂತಿದ್ದೆ. ಒಂದು ಕಡೆ ಹತ್ತೇ ಜನ ಆದ್ರು. ‘ಏ, ನೀನು ಬಾ’ ಅಂದ್ರು. ‘ಎಲ್ಲಿ ನಿಲ್ಲಲಿ’ ಅಂದೆ. ‘ಎಲ್ಲಿ ಖಾಲಿ ಇದೆಯೋ ಅಲ್ಲಿ’ ಅಂದ್ರು.”

“ಆ ಹುಡುಗ?”

“ಅವನು ಆಯ್ಕೆ ಆಗ್ಲಿಲ್ಲ. ಈಗ ಟೈಲ್ಸ್ ಅಂಗಡಿ ಇಟ್ಟಿದ್ದಾನೆ, ಚೆನ್ನಾಗಿದ್ದಾನೆ.”

ಹದಿನಾಲ್ಕು ವರ್ಷ ನಾನು ಊಹಿಸಿಕೊಂಡದ್ದೆಲ್ಲ ಮಣ್ಣುಪಾಲಾಯಿತು. ಎಲ್ಲೋ ಒಳಗೆ ಅವನದ್ದೇ ಆದ ಒಂದು ಜಾಗ ಇದೆ, ಜನ ಅದನ್ನು ಕಸಿದುಕೊಂಡಿದ್ದಾರೆ ಎಂದು ನಾನು ಮರುಗುತ್ತಿದ್ದೆ. ಅಂಥದ್ದೇನೂ ಇರಲಿಲ್ಲ.

ಶುಕ್ರವಾರ ಸಾಯಂಕಾಲ, ಟೈಮ್ ಮುಗಿಯಲು ಐದು ನಿಮಿಷವಿದ್ದಾಗ, ಅವನು ಎದ್ದು ಹಾಳೆಯ ಹತ್ತಿರ ಹೋದ. ಟವೆಲ್ ಮಡಚುತ್ತಲೇ ನಾನು ಬಾಗಿಲಿಗೆ ಬಂದೆ. ಪೆನ್ಸಿಲ್ ಹಿಡಿದು ಎಡದಿಂದ ಬಲಕ್ಕೆ ಎಲ್ಲ ಮನೆ ನೋಡಿದ. ಆಮೇಲೆ ಮೊಟ್ಟಮೊದಲ ಮನೆಯಲ್ಲಿ ಬರೆದು ಹೋದ.

ಗೋಲ್‌ಕೀಪರ್.

ಎರಡನೆಯ ಗೋಲ್‌ಕೀಪರ್ ಹಿಂದಿನ ತಿಂಗಳು ಬೇರೆ ಕ್ಲಬ್ಬಿಗೆ ಹೋಗಿದ್ದ. ಆ ಮನೆಯಲ್ಲಿ ಒಂದು ಗೆರೆ ಖಾಲಿ ಇತ್ತು. ಎರಡು ಗೆರೆಗೆ ಈಗ ಎರಡು ಹೆಸರು. ಕೋಚ್ ಮಾಡಿದ ನಿಯಮದ ಪ್ರಕಾರ ಆಡಿ ಗೆಲ್ಲುವ ಅಗತ್ಯವೇ ಇಲ್ಲ. ತೇಪೆ ಇಪ್ಪತ್ತೆರಡರ ಒಳಗೆ.

ಶನಿವಾರದ ಅಭ್ಯಾಸ ಪಂದ್ಯಕ್ಕೆ ಇಡೀ ಕ್ಲಬ್ಬು ಸೇರಿತ್ತು. ಕ್ಯಾಂಟೀನಿನವನು ಒಲೆ ಆರಿಸಿ ಬಂದಿದ್ದ. ತೇಪೆ ತನಗಿಂತ ದೊಡ್ಡ ಗ್ಲೌಸ್ ಹಾಕಿಕೊಂಡು ಕಂಬಗಳ ನಡುವೆ ನಿಂತ. ಸಿನಿಮಾದಲ್ಲಾಗಿದ್ದರೆ ಎಲ್ಲ ಚೆಂಡನ್ನೂ ಹಿಡಿಯುತ್ತಿದ್ದ. ಇಲ್ಲಿ ಅರ್ಧ ಗಂಟೆಯಲ್ಲಿ ಐದು ಗೋಲು ಬಿಟ್ಟ. ಒಂದು ಕಾಲಿನ ಸಂದಿಯಲ್ಲಿ ಹೋಯಿತು. ಇನ್ನೊಂದನ್ನು ಕೊಕ್ಕರೆ ಅಷ್ಟು ದೂರದಿಂದ ಒದ್ದದ್ದು, ನಾನೇ ಸೆರಗು ಹಿಡಿದು ತಡೆಯಬಹುದಿತ್ತು. ಜನ ನಕ್ಕರು. ಅವನು ಪ್ರತಿ ಸಲವೂ ಬಲೆಯಿಂದ ಚೆಂಡು ತೆಗೆದು, ಅದನ್ನು ಒರೆಸಿ, ಮಧ್ಯಕ್ಕೆ ಎಸೆಯುತ್ತಿದ್ದ. ಒರೆಸಿದ್ದು ಯಾಕೋ.

ಪಂದ್ಯ ಮುಗಿದ ಮೇಲೆ ಕೋಚ್ ಆ ಗ್ಲೌಸನ್ನು ತಾವೇ ತಂದು ನನ್ನ ಮೇಜಿನ ಮೇಲೆ ಹಾಕಿದರು.

“ಅಮ್ಮಾ, ನೀವು ಅವನನ್ನ ಬಹಳ ವರ್ಷದಿಂದ ನೋಡಿದ್ದೀರಿ. ಇದೇನು ನನ್ನನ್ನ ಆಡ್ಕೊಳ್ಳೋದಾ? ನಿಯಮದಲ್ಲಿ ತೂತು ಹುಡುಕಿ ನುಗ್ಗಿದ್ದಾನೆ.”

“ಅವನಿಗೆ ಅಷ್ಟು ಕಿಲಾಡಿತನ ಇದ್ದಿದ್ರೆ ಇಷ್ಟೊತ್ತಿಗೆ ದೇಶದ ತಂಡದ ಕ್ಯಾಪ್ಟನ್ ಆಗಿರ್ತಿದ್ದ ಸಾರ್. ಖಾಲಿ ಕಂಡ, ಬರೆದ.”

“ಹತ್ತು ಜಾಗದಲ್ಲಿ ಆಡಬಲ್ಲವನಿಗೆ ಅದೊಂದೇ ಕಂಡಿತಾ?”

ಇಲ್ಲಿ ನಾನು ಯೋಚಿಸಬೇಕಾಯಿತು. ನನ್ನ ಕೋಣೆಯಲ್ಲಿ ಆಡಿದ ಮಾತನ್ನು ಹೊರಗೆ ಹಾಕಿದರೆ ನಾಳೆಯಿಂದ ಆ ಬೆಂಚಿನ ಮೇಲೆ ಯಾರೂ ಕೂರುವುದಿಲ್ಲ. ಹೇಳದಿದ್ದರೆ ಇವನ ಗತಿ ಐದು ಗೋಲಿಗೆ ಮುಗಿಯುತ್ತದೆ. ಹೇಳಿದೆ, ಆದರೆ ಅಳತೆ ಮಾಡಿ ಹೇಳಿದೆ.

“ಉಳಿದ ಜಾಗದವರು ಬಂದು, ನಮ್ಮ ಮನೇಲಿ ಬರೀಬೇಡ ಅಂತ ಕೇಳ್ಕೊಂಡ್ರು. ಎಲ್ಲರಿಗೂ ಆಯ್ತು ಅಂದ.”

“ಎಷ್ಟು ಜನ?”

“ಎಂಟು.”

“ಯಾರ್ಯಾರು?”

“ಹೆಸರು ಬಟ್ಟೆ ಜೊತೆ ಮೆಷಿನ್ನಿಗೆ ಹೋಯ್ತು ಸಾರ್. ಸಿಗಲ್ಲ.”

ಕೋಚ್ ತೇಪೆಯ ಬೆಂಚಿನ ಮೇಲೇ ಕೂತರು. ಬಹಳ ಹೊತ್ತು ಮೆಷಿನ್ ತಿರುಗುವುದನ್ನೇ ನೋಡಿದರು. ಆಮೇಲೆ, ನನಗಲ್ಲ ತಮಗೇ ಹೇಳಿಕೊಂಡಂತೆ ಅಂದರು: “ಮೂವತ್ತನಾಲ್ಕು ವರ್ಷದವನಿಗೆ, ಕಾಲು ಮುರಿದವನಿಗೆ ಎಂಟು ಜನ ಹೆದರ್ತಾರೆ. ಇದಕ್ಕಿಂತ ಒಳ್ಳೇ ಸರ್ಟಿಫಿಕೇಟ್ ಯಾರು ಕೊಡ್ತಾರೆ. ಅದನ್ನ ಜೇಬಲ್ಲಿಟ್ಕೊಂಡು ಹೋಗಿ ಗೋಲಲ್ಲಿ ನಿಂತಿದ್ದಾನೆ.”

ತೇಪೆಯನ್ನು ಅಲ್ಲಿಗೇ ಕರೆಸಿದರು. ಅವನು ಒದ್ದೆ ತಲೆಯಲ್ಲೇ ಬಂದ.

“ಗೋಲಿನ ಮನೆಯಿಂದ ನಿನ್ನ ಹೆಸರು ಅಳಿಸ್ತೀನಿ. ಅದಕ್ಕೆ ಬೇರೆಯವನು ಬರ್ತಾನೆ.”

“ಸರಿ ಸಾರ್.”

“ಮುಗಿದಿಲ್ಲ. ಸೋಮವಾರ ಬೆಳಗ್ಗೆವರೆಗೆ ಟೈಮ್ ಕೊಡ್ತೀನಿ. ಇನ್ನೊಂದು ಮನೇಲಿ ಬರಿ. ಅಲ್ಲಿರೋರ ಜೊತೆ ಆಡಿ ಗೆದ್ರೆ ಇರು.”

ತೇಪೆ ನೆಲ ನೋಡಿದ. “ಮಾತು ಕೊಟ್ಟಿದ್ದೀನಿ ಸಾರ್.”

“ಕೊಟ್ಟವನು ನೀನು. ವಾಪಸ್ ತಗೊಳ್ಳೋನೂ ನೀನೇ. ಅದನ್ನ ನಾನು ಮಾಡಿಕೊಡೋಕೆ ಆಗಲ್ಲ.” ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು. “ನಿನಗೆ ಇನ್ನೊಂದು ವರ್ಷ ಬೇಕಾ, ಬೇಡವಾ?”

“ಬೇಕು,” ಎಂದ. ಅವನ ಬಾಯಲ್ಲಿ ಆ ಪದವನ್ನು ನಾನು ಕೇಳಿದ್ದು ಅದೇ ಮೊದಲು.

ಭಾನುವಾರ ಅವನು ಏನು ಮಾಡಿದನೆಂದು ನನಗೆ ಗೊತ್ತಿಲ್ಲ. ಸೋಮವಾರ ಬೆಳಗ್ಗೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ತೇಪೆ ಹಾಳೆಯ ಮುಂದೆ ನಿಂತಿದ್ದ. ಬರೆದಿರಲಿಲ್ಲ. ಮೇಷ್ಟ್ರು ಒಳಗೆ ಬರುವುದನ್ನು ಕಾಯುತ್ತಿದ್ದ. ಅವನು ಬಂದೊಡನೆ, ಬ್ಯಾಗ್ ಕೆಳಗಿಡಲೂ ಬಿಡದೆ ಹೇಳಿದ.

“ಅವತ್ತು ಕೊಟ್ಟ ಮಾತು ವಾಪಸ್ ತಗೋತಿದ್ದೀನಿ. ನಿನ್ನ ಮನೇಲಿ ಬರೀತೀನಿ.”

ಮೇಷ್ಟ್ರು ನಗುವುದೋ ಬಿಡುವುದೋ ತಿಳಿಯದೆ ನಿಂತ. “ಇಷ್ಟೊಂದು ಮನೇಲಿ ನನ್ನದೇ ಸಿಕ್ತಾ ನಿನಗೆ?”

“ಈಗಿರೋ ಕಾಲಿಗೆ ಸರಿಹೋಗೋದು ಅದೊಂದೇ. ಉಳಿದ ಕಡೆ ಬರೆದ್ರೆ ಸೋಲ್ತೀನಿ. ಅದು ಸುಮ್ನೆ ನಾಟಕ.”

“ನನ್ನ ಮಗಳ ವಿಷಯ ಗೊತ್ತಿದ್ದೂ.”

“ಗೊತ್ತಿದ್ದೂ. ಅದಕ್ಕೇ ಎದುರಿಗೆ ನಿಂತು ಹೇಳ್ತಿದ್ದೀನಿ.”

ಮೇಷ್ಟ್ರು ಬ್ಯಾಗನ್ನು ಹೆಗಲಿಗೇರಿಸಿಕೊಂಡು ಒಳಗೆ ಹೋದ. ತೇಪೆ ಬರೆದ. ಪೆನ್ಸಿಲಿನ ಮೊನೆ ಮುರಿಯಿತು. ಬಟ್ಟೆಗೆ ಗುರುತು ಹಾಕುವ ನನ್ನ ಸೀಮೆಸುಣ್ಣದಲ್ಲಿ ಬರೆದು ಮುಗಿಸಿದ.

ಪರೀಕ್ಷೆ ಸರಳವಾಗಿತ್ತು. ಮೂವರು ಲೆಫ್ಟ್ ಬ್ಯಾಕ್, ಎರಡು ಗೆರೆ. ತಂಡದ ಅತಿ ವೇಗದ ವಿಂಗರ್ ಒಬ್ಬೊಬ್ಬರ ಮೇಲೂ ಹತ್ತು ಸಲ ಚೆಂಡು ತೆಗೆದುಕೊಂಡು ಬರುತ್ತಾನೆ. ಅತಿ ಹೆಚ್ಚು ಸಲ ದಾಟಿಸಿಕೊಂಡವನು ಹೊರಗೆ. ಬಟ್ಟೆ ಒಣಹಾಕುವ ನೆಪದಲ್ಲಿ ನಾನೂ ತಂತಿಯ ಹತ್ತಿರ ನಿಂತೆ.

ಹೊಸಬನನ್ನು ವಿಂಗರ್ ಮೂರು ಸಲ ದಾಟಿದ. ಮೇಷ್ಟ್ರನ್ನು ಐದು ಸಲ. ಕೊನೆಗೆ ತೇಪೆ. ಎಂಟು ಸಲ ಮುಗಿಯುವಷ್ಟರಲ್ಲಿ ವಿಂಗರ್ ಅವನನ್ನು ನಾಲ್ಕು ಸಲ ದಾಟಿದ್ದ. ಉಳಿದ ಎರಡನ್ನೂ ತಡೆದರೆ ಇವನು ಒಳಗೆ, ಮೇಷ್ಟ್ರು ಹೊರಗೆ. ಎರಡನ್ನೂ ಬಿಟ್ಟರೆ ಗೆಳೆಯ ಉಳಿಯುತ್ತಾನೆ. ಒಂದು ಬಿಟ್ಟರೂ ಸಮ ಆಗುತ್ತದೆ, ಮತ್ತೆ ಆಡಬೇಕಾಗುತ್ತದೆ. ಸ್ಟ್ರೈಕರ್ ಮರಳಿ ಬಂದ ದಿನ ಯಾರೂ ಕೇಳದೆ ಹಿಂದಕ್ಕೆ ಸರಿದವನು ಇವನೇ ತಾನೇ. ಬಿಟ್ಟುಕೊಡುತ್ತಾನೆ ಎಂದೇ ನಾನು ಅಂದುಕೊಂಡೆ. ಕಾಲು ನೋವು ಎಂದರೆ ಸಾಕು, ಎಲ್ಲರೂ ನಂಬುತ್ತಿದ್ದರು.

ಒಂಬತ್ತನೆಯದನ್ನು ನಿಂತಲ್ಲೇ ಕಸಿದ. ಹತ್ತನೆಯ ಸಲ ವಿಂಗರ್ ಒಳಗೆ ತಿರುಗುವಂತೆ ನಟಿಸಿ ಹೊರಗೆ ಓಡಿದ. ತೇಪೆ ಒಂದು ಹೆಜ್ಜೆ ಹಿಂದೆ ಬಿದ್ದ. ದಾಟಿಯೇ ಬಿಟ್ಟ ಎನ್ನುವಷ್ಟರಲ್ಲಿ ತೇಪೆ ಮೈಯೆಲ್ಲ ನೆಲಕ್ಕೆ ಹಾಕಿ ಜಾರಿದ. ಚೆಂಡು ಗೆರೆಯಾಚೆ ಹೋಗಿ ನನ್ನ ಬಕೆಟ್ಟಿಗೆ ಬಡಿಯಿತು. ಎದ್ದವನು ಮೇಷ್ಟ್ರ ಕಡೆ ನೋಡಲಿಲ್ಲ. ಕೋಚ್ ಕಡೆಯೂ ನೋಡಲಿಲ್ಲ. ಸೊಂಟದ ಮಣ್ಣು ಕೊಡವುತ್ತ ಅಲ್ಲೇ ನಿಂತ.

ಮಾರನೆಯ ದಿನ ಮೇಷ್ಟ್ರು ತನ್ನ ಸಾಮಾನು ತೆಗೆದುಕೊಳ್ಳಲು ನನ್ನ ಕೋಣೆಗೆ ಬಂದ. ಅಂಗಿ, ಚಡ್ಡಿ, ಒಂದು ಕಾಲಿಗೆ ಹೊಲಿಗೆ ಬಿಟ್ಟ ಟ್ರ್ಯಾಕ್ ಪ್ಯಾಂಟು. ಊರಾಚೆಯ ಸಣ್ಣ ಕ್ಲಬ್ಬಿನವರು ಫೋನ್ ಮಾಡಿದ್ದಾರಂತೆ. ಬಸ್ಸಿನಲ್ಲಿ ಐವತ್ತು ನಿಮಿಷ, ಮನೆ ಬದಲಿಸಬೇಕಾಗಿಲ್ಲ. ಸಿಕ್ಕರೆ ಒಳ್ಳೆಯದು, ಇನ್ನೂ ಖಾತ್ರಿಯಿಲ್ಲ ಎಂದ. ಹೊಲಿಗೆ ಬಿಟ್ಟಿದ್ದನ್ನು ನಾನು ಅಲ್ಲೇ ಹಾಕಿಕೊಡುತ್ತಿದ್ದೆ. ತೇಪೆ ಬಾಗಿಲಲ್ಲಿ ಬಂದು ನಿಂತ, ಒಳಗೆ ಬರಲೋ ಬೇಡವೋ ಎಂದು.

“ಬಾ, ಕೂತ್ಕೋ. ಬೆಂಚು ನನ್ನಪ್ಪನದ್ದಲ್ಲ,” ಎಂದ ಮೇಷ್ಟ್ರು.

ತೇಪೆ ಕೂತ. ಮೆಷಿನ್ ಒಂದು ಸುತ್ತು ಮುಗಿಸಿ ನಿಂತಿತು.

“ನಿನ್ನ ಮೇಲೆ ಸಿಟ್ಟಿದೆ,” ಎಂದ ಮೇಷ್ಟ್ರು ಕೊನೆಗೆ. “ಸ್ವಲ್ಪ ದಿನ ಇರುತ್ತೆ.”

“ಇರ್ಲಿ.”

“ಬೇಕಂತ ಸೋತಿದ್ರೆ ಇನ್ನೂ ಜಾಸ್ತಿ ಇರ್ತಿತ್ತು. ಹತ್ತನೇದಕ್ಕೆ ನೀನು ಬಿಟ್ಟುಬಿಡ್ತೀ ಅಂದ್ಕೊಂಡಿದ್ದೆ. ಬಿಟ್ಟಿದ್ರೆ ಜೀವಮಾನ ನಿನ್ನ ಮುಖ ನೋಡ್ತಿರ್ಲಿಲ್ಲ.” ಬ್ಯಾಗಿನ ಜಿಪ್ ಎಳೆದ, ಮತ್ತೆ ತೆಗೆದ. ಬಾಯಿ ತಡೆಯಲಾಗಲಿಲ್ಲ. “ಆದ್ರೆ ಅದು ತಡೆಯೋ ರೀತಿ ಅಲ್ಲ. ಅವನು ಹೊರಗೆ ತಿರುಗಿದಾಗ ನಿನ್ನ ಬಲಗಾಲು ಮುಂದಿತ್ತು. ಅದಕ್ಕೇ ಒಂದು ಹೆಜ್ಜೆ ತಡ ಆಯ್ತು. ದಿನಾ ಹಾಗೆ ಬಿದ್ದು ಉಳಿಸ್ಕೊಳ್ಳೋಕೆ ಆಗಲ್ಲ, ನಿನಗೆ ವಯಸ್ಸಾಯ್ತು.”

“ಎಡಗಾಲು ಮುಂದಿಟ್ರೆ ಒಳಗೆ ನುಗ್ತಾನಲ್ಲ.”

“ನುಗ್ಗಲಿ ಬಿಡು. ಒಳಗೆ ಬೇರೆಯವರಿದ್ದಾರೆ, ಅದು ಅವರ ಪಾಡು. ನಿನ್ನ ಜಾಗ ನೀನು ನೋಡ್ಕೋ.”

“ತೋರಿಸು ಹಂಗಾದ್ರೆ,” ಎಂದು ತೇಪೆ ಎದ್ದ.

ಇಬ್ಬರೂ ಕಾರಿಡಾರಿಗೆ ಹೋದರು. ಹೋಗುತ್ತ ಮೇಷ್ಟ್ರು, ನಾನು ಆಗಷ್ಟೇ ಒಗೆದು ಉಂಡೆ ಕಟ್ಟಿಟ್ಟಿದ್ದ ಕಾಲುಚೀಲದ ಜೋಡಿಯೊಂದನ್ನು ಬುಟ್ಟಿಯಿಂದ ಎತ್ತಿಕೊಂಡ. ಅದನ್ನು ನೆಲಕ್ಕೆ ಹಾಕಿ ಕಾಲಲ್ಲಿ ತಳ್ಳುತ್ತ ತೇಪೆಯ ಮೇಲೆ ಬಂದ. ಒಂದು ಸಲ ದಾಟಿದ. “ನೋಡಿದ್ಯಾ,” ಎಂದು ವಾಪಸ್ ಬಂದು ಮತ್ತೆ ಶುರು ಮಾಡಿದ.

ಒಗೆದ ಕಾಲುಚೀಲ ಎಂದು ಒಳಗಿನಿಂದಲೇ ಬೈದೆ. ಇಬ್ಬರಿಗೂ ಕೇಳಿಸಲಿಲ್ಲ.